ಬಾಟಲಿಯಲ್ಲಿ ಇಲ್ಲದ ಹಣ್ಣು

ಸೋಮವಾರ, ಮೇ ೧೧

ಪ್ರೀತಿಯ ಗಿಲಕಿಗೆ,

ಅಪ್ಪನ ಆಶೀರ್ವಾದ. ರಜೆ ಮುಗಿಸಿ ನೀನು ಹಾಸ್ಟೆಲಿಗೆ ಹೊರಟ ದಿನವೇ ಕಾಗದ ಬರೆಯುತ್ತೇನೆ ಎಂದಿದ್ದೆ. ತಿಂಗಳಾಗುತ್ತ ಬಂತು. ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದುಹಾಕಿದ್ದೇನೆ. ಫೋನ್ ಮಾಡಿದರೆ "ಕ್ಲಾಸ್ ಇದೆ ಅಪ್ಪಾ, ಆಮೇಲೆ ಮಾಡ್ತೀನಿ" ಎನ್ನುತ್ತೀಯ. ಆ ಆಮೇಲೆ ಬರುವುದೇ ಇಲ್ಲ. ಅಂಚೆಗೆ ಹಾಕಿದರೆ ಯಾವಾಗ ತಲುಪುತ್ತದೋ ಎಂದು, ನಿಮ್ಮ ಕಡೆಗೆ ಸರಕು ಒಯ್ಯುವ ನಮ್ಮ ವ್ಯಾನಿನ ಡ್ರೈವರ್ ಕೈಗೆ ಇದನ್ನು ಕೊಡುತ್ತಿದ್ದೇನೆ. ಸಂಜೆಯೊಳಗೆ ನಿಮ್ಮ ವಾರ್ಡನ್‌ಗೆ ಮುಟ್ಟಿಸುತ್ತಾರೆ.

ಇಲ್ಲಿ ಸೆಕೆ ವಿಪರೀತ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಅವಳ ಬಾಯಿಯೂ ಇದ್ದ ಹಾಗೇ ಇದೆ. ಮೇಲಿನ ಮನೆಯವರ ನಲ್ಲಿ ಸೋರಿ ನಮ್ಮ ಅಡುಗೆಮನೆಯ ಚಾವಣಿಯಲ್ಲಿ ದೊಡ್ಡ ಕಲೆಯಾಗಿದೆ. ಅದು ಆನೆಯ ಹಾಗಿದೆ ಎಂದು ಅಮ್ಮ ಹೇಳುತ್ತಾಳೆ. ನನಗೇನೋ ಮನೆ ಮಾಲೀಕರ ಹಾಗೇ ಕಾಣುತ್ತದೆ.

ಇನ್ನು ನಮ್ಮ ಸೆಂಟಿನ ಕಾರ್ಖಾನೆಯ ವಿಷಯ. ಚಿಕ್ಕವಳಿದ್ದಾಗ ಟೀಚರ್ ಕೇಳಿದ್ದಕ್ಕೆ ನೀನು ಎದ್ದು ನಿಂತು "ನಮ್ಮಪ್ಪ ಮೂಸೋ ಕೆಲಸ ಮಾಡ್ತಾರೆ" ಎಂದಿದ್ದೆ. ಇಡೀ ಕ್ಲಾಸು ನಕ್ಕಿತಂತೆ. ಈಗಲೂ ಅದೇ ಕೆಲಸ. ಶುಕ್ರವಾರ ಪರೀಕ್ಷೆಯ ಕೋಣೆಗೆ ಒಂದು ಸೆಂಟು ಬಂತು. ನಮ್ಮದಲ್ಲ. ಬೇರೆ ಕಂಪನಿಯದು, ಈ ಬೇಸಿಗೆಯಲ್ಲಿ ಕಾಲೇಜು ಹುಡುಗಿಯರು ಮುಗಿಬಿದ್ದು ಕೊಳ್ಳುತ್ತಿರುವುದು. ಅದು ಯಾಕೆ ಅಷ್ಟು ಓಡುತ್ತಿದೆ ಎಂದು ನಮ್ಮ ಮೇಡಂಗೆ ತಿಳಿಯಬೇಕಿತ್ತು. ಮೇಡಂ ಎಂದರೆ ವಾಸನೆಗಳನ್ನು ಬೆರೆಸಿ ಸೆಂಟು ತಯಾರಿಸುವವರು, ನಮ್ಮ ತಂಡದ ಮುಖ್ಯಸ್ಥೆ. ಬಾಟಲಿಯ ಚೀಟಿ ಮುಚ್ಚಿ, ಕಾಗದದ ಪಟ್ಟಿಗಳನ್ನು ಅದ್ದಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಹೇಗಿದೆ ಎಂದು ಕೇಳಲಿಲ್ಲ. "ಇದನ್ನ ಹಾಕ್ಕೊಂಡ ಹುಡುಗಿ ಎಂಥೋಳು, ಅದನ್ನ ಹೇಳಿ" ಎಂದರು.

ಪ್ಯಾಕಿಂಗ್ ವಿಭಾಗದ ಅಕ್ಕ ಮೂಸಿದ್ದೇ ತಡ, "ಅಯ್ಯೋ, ಇವಳು ಬಸ್ಸಲ್ಲಿ ಪಕ್ಕದಲ್ಲಿ ಕೂತ್ರೆ ಇಳಿಯೋದ್ರೊಳಗೆ ನಮ್ಮ ಮನೇಲಿ ಎಷ್ಟು ಜನ, ಏನು ಅಡುಗೆ, ಎಲ್ಲಾ ಕೇಳ್ಕೊಂಡಿರ್ತಾಳೆ" ಎಂದರು.

ಲೆಕ್ಕಪತ್ರ ವಿಭಾಗದ ಒಬ್ಬರು ತಲೆದೂಗಿದರು. "ಹಣ್ಣು ಕೊಟ್ರೆ ಮೊಣಕೈವರೆಗೂ ರಸ ಸುರಿಸ್ಕೊಂಡು ತಿಂತಾಳೆ. ಪರೀಕ್ಷೆ ಹಿಂದಿನ ದಿನಾನೂ ಸಿನಿಮಾಕ್ಕೆ ಹೋಗೋ ಗಿರಾಕಿ."

"ನಿಮ್ಮ ಮಗನಿಗೆ ತಂದ್ಕೊಳ್ತೀರಾ ಇವಳನ್ನ?" ಎಂದು ಅಕ್ಕ ಕೇಳಿದರು.

"ಅವನಿಗೆ ಅಷ್ಟು ಅದೃಷ್ಟ ಎಲ್ಲಿ ಬರ್ಬೇಕು, ಬಿಡಿ."

ಎಲ್ಲರೂ ನಕ್ಕರು. ನಾನು ಪಟ್ಟಿ ಹಿಡಿದುಕೊಂಡು ಕೂತೇ ಇದ್ದೆ. ಅವರು ಹೇಳುತ್ತಿದ್ದುದು ನಿನ್ನನ್ನು. ಇಬ್ಬರೂ ನಿನ್ನನ್ನು ಕಂಡವರಲ್ಲ. ಆದರೂ ಸದಾ ಗಲಗಲ ಮಾತಾಡಿ ಗಿಲಕಿ ಎಂದು ಹೆಸರು ಪಡೆದ ಆ ಹುಡುಗಿಯನ್ನು ಸಾಲು ಸಾಲಾಗಿ ಹೇಳುತ್ತಿದ್ದರು. ರಜೆಗೆ ಬಂದಾಗ ನೀನು ದಿನವೂ ಹಾಕಿಕೊಳ್ಳುತ್ತಿದ್ದ ಸೆಂಟು ಇದೇ. ಮೊದಲು ಕ್ಷಣ ಹೊತ್ತು ನಿಂಬೆ, ಆಮೇಲೆ ಪೀಚ್ ಮತ್ತು ಕರಬೂಜ, ಅದರ ಹಿಂದೆ ಸಕ್ಕರೆ ಪಾಕದಂಥದ್ದೇನೋ.

ಆದರೆ ಒಂದು ಕಡಿಮೆ ಇತ್ತು. ನೀನು ಹಾಕಿಕೊಂಡಾಗ ಇದರಲ್ಲಿ ಇನ್ನೊಂದು ಹಣ್ಣಿತ್ತು. ತೀರ ಕಳಿತ ಪೇರ್ ಹಣ್ಣಿನಂಥ, ಉಗುರುಬಣ್ಣ ಅಳಿಸುವ ನೀರಿನಂಥ ವಾಸನೆ. ಮೊದಲ ದಿನ ಬಾಗಿಲಲ್ಲೇ ಬಂದು ನನ್ನನ್ನು ತಬ್ಬಿಕೊಂಡು "ಅಪ್ಪಾ" ಎಂದೆಯಲ್ಲ, ಆಗಲೇ ಬಂದಿತ್ತು. ಸೆಂಟಿನಲ್ಲೇ ಇರುವುದು, ಅಗ್ಗದ ಪೇರ್ ಸುರಿದಿದ್ದಾರೆ ಎಂದುಕೊಂಡೆ. ಎರಡು ವಾಸನೆ ಒಟ್ಟಿಗೆ ಬಂದರೆ ಒಂದೇ ಬಾಟಲಿಯದು ಎಂದುಕೊಳ್ಳುವುದು ನಮ್ಮ ಕಸುಬಿನವರ ಚಾಳಿ. ಬೇರೆ ಯಾರಾದರೂ ಆಗಿದ್ದರೆ ಮಗಳ ಬಾಯಿಂದ ಯಾಕೆ ಹೀಗೆ ವಾಸನೆ ಬರುತ್ತಿದೆ ಎಂದು ಅವತ್ತೇ ಕೇಳಿಬಿಡುತ್ತಿದ್ದರು.

ಮೇಡಂ ನನ್ನ ಕಡೆ ತಿರುಗಿದರು. "ಏನ್ರೀ ಮೂಗಪ್ಪ, ಮೂಗು ಕಟ್ಟಿದೆಯಾ?"

"ಇಲ್ಲ ಮೇಡಂ. ಇದ್ರಲ್ಲಿ ಪೇರ್ ಇರ್ಬೇಕಿತ್ತು."

"ಇಲ್ಲವಲ್ಲ. ಮೆಷಿನ್‌ಗೆ ಹಾಕಿ ಬಿಡಿಸಿ ನೋಡಿದೀವಿ."

"ನನ್ನ ಮಗಳು ಹಾಕ್ಕೊಂಡಾಗ ಇತ್ತು."

ಅವರು ಕೈಯಲ್ಲಿದ್ದ ಪಟ್ಟಿ ಕೆಳಗಿಟ್ಟರು. ಆಮೇಲೆ ನನ್ನನ್ನು ಹೊರಗಿನ ಪಡಸಾಲೆಗೆ ಕರೆದರು. "ಮೈಯಿಂದ ಬರ್ತಿತ್ತಾ, ಮಾತಾಡುವಾಗ ಬರ್ತಿತ್ತಾ?"

"ಮಾತಾಡುವಾಗ."

"ಮಗಳು ಸಣ್ಣಗಾಗಿದ್ದಾಳಾ?"

ಹೌದು ಎಂದೆ. ಆ ಹೌದು ನನ್ನ ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ಹೊಟ್ಟೆಗೆ ಸರಿಯಾಗಿ ಬೀಳದೆ ಬಹಳ ದಿನವಾದರೆ ದೇಹ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತದಂತೆ. ಆಗ ಉಸಿರಿನಲ್ಲಿ ಆ ವಾಸನೆ ಬರುತ್ತದಂತೆ. ಸಕ್ಕರೆ ಕಾಯಿಲೆ ವಿಪರೀತವಾಗಿ ಏರಿದರೂ ಬರಬಹುದಂತೆ. "ಯಾವುದು ಅಂತ ನಾನು ಹೇಳೋಕಾಗಲ್ಲ, ಡಾಕ್ಟರ್ ಹೇಳ್ಬೇಕು. ತಡ ಮಾತ್ರ ಮಾಡ್ಬೇಡಿ" ಎಂದರು.

ಅವತ್ತಿನಿಂದ ಪೇಪರ್ ಓದಲು ಕೂತರೆ ಒಂದೇ ಸುದ್ದಿಯನ್ನು ಮೂರು ಸಲ ಓದುತ್ತೇನೆ. ರಜೆಯ ಒಂದೊಂದು ದಿನವೂ ಕಣ್ಣೆದುರು ಬರುತ್ತದೆ. ಇಂಥ ಸೆಕೆಯಲ್ಲೂ ನೀನು ಸ್ವೆಟರ್ ಹಾಕಿಕೊಂಡೇ ಓಡಾಡಿದೆ. ಕೈಗಡಿಯಾರ ಜಾರುತ್ತದೆ ಎಂದು ಅದನ್ನು ಮೊಣಕೈ ಹತ್ತಿರಕ್ಕೆ ಏರಿಸಿಕೊಳ್ಳುತ್ತಿದ್ದೆ. ಊಟಕ್ಕೆ ಕರೆದರೆ "ಈಗಷ್ಟೇ ತಿಂದೆ" ಎನ್ನುತ್ತಿದ್ದೆ. ಕೂತರೂ ಕಲಸಿದ್ದನ್ನು ತಟ್ಟೆಯ ಅಂಚಿಗೆ ಸರಿಸಿ ಸರಿಸಿ ಎದ್ದುಬಿಡುತ್ತಿದ್ದೆ. ಬಚ್ಚಲ ಜಾಲರಿಯಲ್ಲಿ ಕೂದಲ ಉಂಡೆಗಳು. ನಾನೇ ತೆಗೆದು ಬಿಸಾಡಿದ್ದೇನೆ. ಬಂದವರೆಲ್ಲ "ಎಷ್ಟು ಚೆನ್ನಾಗಿ ಸಣ್ಣಗಾಗಿದ್ದೀಯ" ಎಂದು ನಿನ್ನನ್ನು ಹೊಗಳಿದರು. ಅಮ್ಮನೂ ಹಿಗ್ಗಿದಳು. ನಾನು ಸೆಂಟಿನ ಬಗ್ಗೆ ಮಾತಾಡಿದೆ.

ಅಮ್ಮನಿಗೆ ನಿನ್ನೆ ರಾತ್ರಿ ಊಟದ ಹೊತ್ತಿಗೆ ಹೇಳಿದೆ. ಅವಳು ತಟ್ಟೆ ಪಕ್ಕಕ್ಕಿಟ್ಟಳು. "ಆಫೀಸಿನೋರು ಸರಿಯಾದ ಹೆಸರೇ ಇಟ್ಟಿದಾರೆ ರೀ ನಿಮಗೆ. ಮೂಗು ಅಷ್ಟುದ್ದ ಇದೆ, ಬಾಯಿಗೆ ಬಂದ್ರೆ ಮೂಗ" ಎಂದಳು. ಪಾತ್ರೆ ತೊಳೆಯುವಾಗ ಅಳುತ್ತಿದ್ದಳು. ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಅವಳು ಕೇಳಿದ್ದು ಒಂದೇ: "ನಮಗೆ ಹೇಳೋಕೆ ಆಗದಿರೋ ಅಂಥದ್ದೇನಿತ್ತು ಮಗೂಗೆ?"

ಈಗ ನೀನು ಮಾಡಬೇಕಾದ್ದು ಹೇಳುತ್ತೇನೆ. ಈ ಕಾಗದ ಸಿಕ್ಕ ಕೂಡಲೇ ವಾರ್ಡನ್ ಜೊತೆ ಹೋಗಿ ಹಾಸ್ಟೆಲಿನ ಡಾಕ್ಟರಿಗೆ ತೋರಿಸು. ವಾರ್ಡನ್‌ಗೆ ಬೆಳಿಗ್ಗೆ ಫೋನ್ ಮಾಡಿದ್ದೇನೆ, ಅವರು ಕಾಯುತ್ತಿರುತ್ತಾರೆ. ವಾಂತಿಯೋ, ಹೊಟ್ಟೆನೋವೋ, ಏದುಸಿರೋ, ಏನಾದರೂ ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ನಾಳೆ ಬೆಳಗಿನ ಮೊದಲ ಬಸ್ಸಿಗೆ ನಾನೂ ಅಮ್ಮನೂ ಹೊರಡುತ್ತೇವೆ. ಸಕ್ಕರೆ ಕಾಯಿಲೆ ಎಂದರೆ ಔಷಧಿ ಇದೆ. ನೀನೇ ಊಟ ಬಿಟ್ಟಿದ್ದೀಯ ಎಂದಾದರೂ ಡಾಕ್ಟರ್ ಇದ್ದಾರೆ, ನಾವಿದ್ದೇವೆ. ಎದುರಿಗೆ ಕೂತು "ತಿನ್ನು ತಿನ್ನು" ಎಂದು ಪ್ರಾಣ ತಿನ್ನುವುದಿಲ್ಲ. ಯಾಕೆ ಎಂದೂ ಅವತ್ತೇ ಕೇಳುವುದಿಲ್ಲ. ಈ ವರ್ಷದ ಓದು ನಿಂತರೆ ನಿಲ್ಲಲಿ. ನಾನು ಹೇಳುವುದು ಅರ್ಥವಾಯಿತಲ್ಲ?

ಚೆನ್ನಾಗಿರು ಮಗಳೇ. ನಿನ್ನ ಮೈಗೂ ಮನಸ್ಸಿಗೂ ಬಲ ಬರಲಿ, ನೂರು ಕಾಲ ಬಾಳು. ಅಮ್ಮ ಪಕ್ಕದಲ್ಲಿ ನಿಂತು ತನ್ನ ಆಶೀರ್ವಾದವನ್ನೂ ಬರೆಯಲು ಹೇಳುತ್ತಿದ್ದಾಳೆ.

ನಿನ್ನ
ಅಪ್ಪ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಇದನ್ನು ಅಮ್ಮನಿಗೆ ಹೇಳಿಲ್ಲ. ಕೆಲಸವಿದೆ ಎಂದು ಸುಳ್ಳು ಹೇಳಿ ನಿನ್ನೆ ನಿನ್ನ ಹಾಸ್ಟೆಲಿಗೆ ಬಂದಿದ್ದೆ. ವಾರ್ಡನ್ ತಾವೇ ಮೇಲೆ ಕರೆದುಕೊಂಡು ಬಂದರು. ಮೆಟ್ಟಿಲ ಮೇಲಿಂದಲೇ ನಿನ್ನನ್ನು ಕೂಗಿದೆ. ನಿನ್ನ ರೂಮಿನ ಹುಡುಗಿ ಬಾಗಿಲನ್ನು ಗೇಣಷ್ಟು ತೆರೆದು, ನೆಲ ನೋಡುತ್ತಾ, "ಅವಳು ಹೊರಗೆ ಹೋಗಿದ್ದಾಳೆ ಅಂಕಲ್" ಎಂದಳು. ಆ ಸಂದಿಯಿಂದ ನಿಂಬೆ ಸಿಪ್ಪೆಯ ವಾಸನೆ ಬಂತು. ಆ ಸೆಂಟಿನಲ್ಲಿ ಎಲ್ಲಕ್ಕಿಂತ ಮೊದಲು ಏಳುವುದು ನಿಂಬೆ, ಮೊದಲು ಹೋಗುವುದೂ ಅದೇ. ಐದು ನಿಮಿಷದ ಮೇಲೆ ಅದು ನಿಲ್ಲುವುದಿಲ್ಲ. ಒಳಗೇ ಇದ್ದ ನೀನು ನನ್ನ ದನಿ ಕೇಳಿದ ಮೇಲೆ ಅದನ್ನು ಹಾಕಿಕೊಂಡದ್ದು.

"ಸರಿಯಮ್ಮ" ಎಂದು ಹೇಳಿ ಇಳಿದು ಬಂದುಬಿಟ್ಟೆ. ನಾಳೆ ಇಳಿದು ಬರುವುದಿಲ್ಲ. ಬಾಗಿಲ ಹೊರಗೆ ಕೂತಿರುತ್ತೇನೆ, ಎಷ್ಟು ಹೊತ್ತಾದರೂ ಸರಿ. ನೀನು ಹೇಗಿದ್ದೀಯೋ ಹಾಗೇ ಬಾ. ನಾನು ಬರುತ್ತೇನೆಂದು ಏನನ್ನೂ ಹಾಕಿಕೊಳ್ಳಬೇಡ.