ಹದಿನಾರು ಹನಿ

ಜೂನ್ ೨, ಸೋಮವಾರ. ಬೆಳಗ್ಗೆ ಒಂಬತ್ತೂವರೆ

ಮಗ ಟಿ.ವಿ. ಪಕ್ಕದ ಮೊಳೆಯಿಂದ ಬೀಗ ತೆಗೆದುಕೊಂಡ. ಹೊರಗೆ ಬೀಗ ಬಿತ್ತು. ಬೈಕ್ ಹೋಯಿತು. ಸೊಸೆ ಜ್ಯೋತಿಲಕ್ಷ್ಮಿ ಗಾರ್ಮೆಂಟ್ಸಿಗೆ, ಮಗ ನರಸಿಂಹರಾಜು ಆಫೀಸಿಗೆ. ಇನ್ನು ಸಂಜೆ ತನಕ ನಾನು, ಗಾಜಿನ ತೊಟ್ಟಿಯ ಮೀನು, ಕಿಟಕಿಯಲ್ಲಿ ಅರ್ಧ ಬೆಟ್ಟ.

ಏಪ್ರಿಲ್‌ನಲ್ಲಿ ತಂಗಿ ಪುಟ್ಟಕ್ಕನನ್ನು ನೋಡಲು ಕೊಡಿಗೇನಹಳ್ಳಿಗೆ ಹೊರಟಿದ್ದೆ. ಬಸ್ಸಿನಲ್ಲಿ ನಿದ್ದೆ ಹತ್ತಿತು. ಎಚ್ಚರಾದಾಗ ಊರು ದಾಟಿ ಹಿಂದೂಪುರ. ಅಷ್ಟೇ. ನಿದ್ದೆಗೆ ಇವರು ಮರೆವು ಅಂತ ಹೆಸರಿಟ್ಟರು. ಅವತ್ತಿನಿಂದ ಬೀಗ.

ಮೊಮ್ಮಗಳು ಸಹನಾ ಪರೀಕ್ಷೆಗೆ ತುಮಕೂರಿನ ಹಾಸ್ಟೆಲ್ಲಿಗೆ ಹೋಗುವಾಗ ಮೀನು ನನಗೆ ಒಪ್ಪಿಸಿದಳು. ಸಣ್ಣ ಕೊಳವೆಗೆ ತೊಟ್ಟಿ ನೀರು. ಅದಕ್ಕೆ ಬಾಟಲಿಯ ಔಷಧಿ, ಹನಿ ಹನಿ. ಮೊದಲು ನೀಲಿ. ಹಳದಿ ತಿರುಗುವ ತನಕ ಎಣಿಸಬೇಕು.

"ನೀರಿನ ಗಡಸು ಕಣಜ್ಜಿ. ಹಂಡೆ ಒಳಗೆ ಬೆಳ್ಳಗೆ ಕಟ್ಕೊಳುತ್ತಲ್ಲ, ಅದು ಕರಗಿರ್ತದೆ. ಹನಿ ಜಾಸ್ತಿ ಹಿಡಿದ್ರೆ ಗಡಸು ಜಾಸ್ತಿ. ತೀರಾ ಕಮ್ಮಿ ಆದ್ರೆ ನೀರು ಹುಳಿಯಾಗಿ ಮೀನು ಸಾಯ್ತವೆ."

"ನಿಮ್ಮಮ್ಮನ ಸಾರು ಇದ್ದಂಗೆ ಅನ್ನು" ಅಂದೆ. ಬಿದ್ದು ಬಿದ್ದು ನಕ್ಕಳು.

ಇವತ್ತು ಹದಿನಾರು ಹನಿ.

ಜೂನ್ ೫, ಗುರುವಾರ

ಹದಿಮೂರು. ಮಗನಿಗೆ ಹೇಳಿದೆ. ಮೊಬೈಲಿನಿಂದ ಕಣ್ಣು ತೆಗೆಯದೆ "ಹೂಂ ಕಣವ್ವ" ಅಂದ.

ಜೂನ್ ೮, ಭಾನುವಾರ

ಒಂಬತ್ತು. ಊಟದ ಹೊತ್ತಿಗೆ ಮತ್ತೆ ಹೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಮೊದ್ಲು ಹದಿನಾರು ಅಂದೆ, ಆಮ್ಯಾಕೆ ಹದಿಮೂರು, ಈಗ ಒಂಬತ್ತು. ಒಂದ್ ಲೆಕ್ಕದ ಮ್ಯಾಲೆ ನಿಲ್ಲವ್ವ" ಅಂದ ಮಗ.

"ನೀರು ನಿಂತ್ರೆ ನಾನೂ ನಿಲ್ತೀನಿ ಕಣ್ಲಾ. ಸಹನಾಗೆ ಫೋನ್ ಹಚ್ಚು."

"ಪರೀಕ್ಷೆ ಟೈಮಲ್ಲಿ ಅವ್ಳ ತಲೆ ತಿನ್ನಬ್ಯಾಡ."

"ಪಾಪ, ಬುಡ್ರಿ. ವಯಸ್ಸಾದೋರು" ಅಂದಳು ಸೊಸೆ. ಆ 'ಪಾಪ'ಕ್ಕೆ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದೆ.

ನಾಳೆ ಬಿಟ್ಟು ಮುಂದಿನ ಸೋಮವಾರ ನನ್ನನ್ನು ಬೆಂಗಳೂರಿಗೆ ಕರೆದೊಯ್ಯುತ್ತಾರಂತೆ, ತಲೆ ಡಾಕ್ಟರ ಹತ್ತಿರ. ಡಾಕ್ಟರೂ ಮರೆವು ಅಂದುಬಿಟ್ಟರೆ ಈ ಬೀಗ ಸಾಯುವ ತನಕ…

ಜೂನ್ ೯, ಸೋಮವಾರ. ಮಧ್ಯಾಹ್ನ

ಏಳು. ಇವರು ಹೇಳುವುದೇ ನಿಜವಿದ್ದರೆ? ಎಣಿಸುತ್ತಾ ಎಣಿಸುತ್ತಾ ನಡುವೆ ನಾನೇ ಎಲ್ಲಾದರೂ ಇಳಿದುಬಿಡುತ್ತಿದ್ದೇನೋ, ಹಿಂದೂಪುರದಲ್ಲಿ ಇಳಿದ ಹಾಗೆ?

ಬಚ್ಚಲ ನಲ್ಲಿಗೆ ಹೋದೆ. ಬೋರ್‌ವೆಲ್ ನೀರು. ಸಹನಾ ತೊಟ್ಟಿ ತುಂಬಿಸಿದ್ದು ಇದರಿಂದಲೇ. ಎಣಿಸಿದೆ. ಹದಿನಾರು. ಕೊಳವೆ ತೊಳೆದು ಮತ್ತೆ. ಹದಿನಾರು. ಮುಖ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಸಮಾಧಾನವಾಗಿ ಮತ್ತೊಂದು ಸಲ. ಹದಿನಾರೇ.

ನನ್ನ ತಲೆ ನೆಟ್ಟಗಿದೆ. ತೊಟ್ಟಿಯ ನೀರೇ ಬದಲಾಗಿದೆ. ಬೀಗ ಹಾಕಿದ ಮನೆಯಲ್ಲಿ ಹೆಂಗೆ?

ಸಂಜೆ

ಹೇಳಿದೆ. ಮಗ ಬಾಟಲಿ ಕಿತ್ತುಕೊಂಡು ಸಜ್ಜಾದ ಮೇಲಿಟ್ಟ. "ಸಾಕು ಈ ಆಟ" ಅಂದ. ಇವನ ಆಟದ ಸಾಮಾನು ಹಿಂಗೆ ಎತ್ತಿಡುತ್ತಿದ್ದವಳು ನಾನು.

ಜೂನ್ ೧೨, ಗುರುವಾರ

ಪಟೇಲ ಸತ್ತ. ಹೊಟ್ಟೆ ಮುಂದೆ ಮಾಡಿಕೊಂಡು ಓಡಾಡುತ್ತಿದ್ದ ಕಿತ್ತಳೆ ಬಣ್ಣದ ದೊಡ್ಡ ಮೀನು. ಉಳಿದವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಎಲ್ಲವೂ ಸತ್ತರೆ ಮುದುಕಿಯೇ ಕೊಂದಳು ಅನ್ನುತ್ತಾರೆ. ಆಮೇಲೆ ಡಾಕ್ಟರೂ ಬೇಕಿಲ್ಲ.

ಬಚ್ಚಲಿನಿಂದ ಚೊಂಬಿನಲ್ಲಿ ನೀರು ತಂದೆ. ಒಂದು ಕೈಯಲ್ಲಿ ಗೋಡೆ. ಒಂದು ಚೊಂಬು ತೆಗೆದು ಒಂದು ಚೊಂಬು ಹಾಕುವುದು, ಕೂತು ಸುಧಾರಿಸಿಕೊಳ್ಳುವುದು, ಮತ್ತೆ. ಸಂಜೆ ಹೊತ್ತಿಗೆ ಮೀನು ಕೆಳಗಿಳಿದವು.

ಸೊಸೆ ಬಾಗಿಲು ತೆಗೆದವಳೇ ಕಿರುಚಿದಳು. "ಅಯ್ಯೋ ದೇವುಡಾ! ಏನ್ ಮಾಡ್ಬುಟ್ರಿ ಅತ್ತೆಮ್ಮ? ಮನೆಯೆಲ್ಲಾ ಕೆರೆ!"

"ಮೀನು ಸಾಯ್ತಿದ್ವು ಕಣಮ್ಮ."

"ಜಾರಿ ಬಿದ್ದು ಸೊಂಟ ಮುರ್ಕೊಂಡಿದ್ರೆ?" ಅಂದ ಮಗ. "ನಾಳೆಯಿಂದ ರೂಮಿಗೂ ಚಿಲಕ."

ಜೂನ್ ೧೪, ಶನಿವಾರ

ನಿನ್ನೆ ಬರೆಯಲಿಲ್ಲ. ಈ ಪುಸ್ತಕ ನಡುಮನೆಯಲ್ಲಿತ್ತು, ನಾನು ಚಿಲಕದ ಒಳಗಿದ್ದೆ. ಒಂದು ಬಕೆಟ್ ಇಟ್ಟು ಹೋಗಿದ್ದರು. ಅದರ ಬಗ್ಗೆ ಬರೆಯುವುದಿಲ್ಲ.

ಸಹನಾ ಎರಡು ದಿನದ ರಜೆಗೆ ಬಂದಳು. ಪಟೇಲ ಎಲ್ಲಿ ಅಂದಳು. ಎಲ್ಲ ಹೇಳಿದೆ. ಕುರ್ಚಿ ಹತ್ತಿ ಬಾಟಲಿ ಇಳಿಸಿದಳು. ತೊಟ್ಟಿ ನೀರು ಹನ್ನೊಂದು. ನಲ್ಲಿ ನೀರು ಹದಿನಾರು. ಅಡುಗೆಮನೆಯ ಕ್ಯಾನಿನ ಫಿಲ್ಟರ್ ನೀರು— ಮೊದಲ ಹನಿಗೇ ಹಳದಿ.

"ತೊಟ್ಟಿಗೆ ಕ್ಯಾನ್ ನೀರು ಹಾಕಿದ್ಯಾರು?"

"ನಾನೇ ಕಣೇ" ಅಂದಳು ಅವಳಮ್ಮ. "ಅತ್ತೆಮ್ಮ ಸ್ನಾನಕ್ಕೋದಾಗ ದಿನಾ ಅರ್ಧ ಬಿಂದಿಗೆ ತೆಗ್ದು ಅರ್ಧ ಬಿಂದಿಗೆ ಹಾಕ್ತಿದ್ದೆ. ನಾವ್ ಕುಡಿಯೋದೇ ಫಿಲ್ಟರ್ ನೀರು. ಮೂಕ ಪ್ರಾಣಿಗ್ಯಾಕೆ ಆ ಸುಣ್ಣದ ನೀರು?"

ಪಾವಗಡದ ಹೆಣ್ಣು. ತವರಿನ ನೀರು ಕುಡಿದೇ ಅವಳ ಹಲ್ಲು ಕಂದಿದ್ದು. ನಗುವಾಗ ಈಗಲೂ ಕೈ ಅಡ್ಡ ಹಿಡಿಯುತ್ತಾಳೆ. ಬೈಯಬೇಕೆಂದು ಬಾಯಿ ತೆರೆದೆ. ಎಲೆ ಅಡಿಕೆ ಹಾಕಿಕೊಂಡು ಮುಚ್ಚಿದೆ.

"ಅಪ್ಪ, ಅಜ್ಜಿ ಲೆಕ್ಕ ಒಂದೂ ತಪ್ಪಿಲ್ಲ."

ಮಗ ತಾನೇ ಬಾಟಲಿ ಹಿಡಿದ. ಸ್ಕೂಲು ಹುಡುಗನ ಹಾಗೆ ತುಟಿ ಅಲ್ಲಾಡಿಸಿಕೊಂಡು ಎಣಿಸಿದ. "ಹನ್ನೊಂದು" ಅಂದ, ಗೋಡೆಗೆ.

"ಸೋಮವಾರ ಡಾಕ್ಟ್ರ ಹತ್ರ ನೀನೇ ಹೋಗ್ಬಾ ಮಗ."

ಅವನು ಬಾಟಲಿಯ ಮುಚ್ಚಳ ತಿರುಗಿಸಿದ.

"ಬೀಗ?" ಅಂದೆ.

"ನೋಡಾನ ಕಣವ್ವ."

ಜೂನ್ ೧೬, ಸೋಮವಾರ. ಒಂಬತ್ತೂವರೆ

ಡಾಕ್ಟರ ಮಾತು ಯಾರೂ ಎತ್ತಲಿಲ್ಲ. ನಿನ್ನೆ ತೊಟ್ಟಿಗೆ ನಲ್ಲಿ ನೀರು ಬೆರೆಸಿಟ್ಟು, ಸಹನಾ ಇವತ್ತು ಮೊದಲ ಬಸ್ಸಿಗೆ ಹೋದಳು. ಬೈಕ್ ಈಗ ಹೋಯಿತು. ನಾನು ಎಣಿಸುತ್ತಿದ್ದೆ. ಹದಿನಾಲ್ಕು.

ಬೀಗದ ಸದ್ದು ಬಂತೋ ಇಲ್ಲವೋ ಗೊತ್ತಾಗಲಿಲ್ಲ. ಕೇಳಿ ಕೇಳಿ ಕಿವಿಯಲ್ಲೇ ಕೂತುಬಿಟ್ಟಿದೆ. ತಲೆ ಎತ್ತಿದರೆ ಬೀಗ ಮೊಳೆಯಲ್ಲೇ ನೇತಾಡುತ್ತಿದೆ.

ಮರೆತು ಹೋದನೋ? ಬೇಕಂತಲೇ ಬಿಟ್ಟು ಹೋದನೋ? ಬಾಯಿ ಬಿಟ್ಟು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು.

ಸಂಜೆ ತನಕ ಕಾದು ಕೇಳುವವಳು ನಾನಲ್ಲ. ಕೊಡಿಗೇನಹಳ್ಳಿ ಬಸ್ಸು ಹತ್ತೂಕಾಲಿಗೆ. ಸೀರೆ ಬದಲಾಯಿಸಿದೆ. ಎಲೆ ಅಡಿಕೆ ಚೀಲ ಸೊಂಟದಲ್ಲಿ. ಈ ಸಲ ಕಂಡಕ್ಟರ್ ಪಕ್ಕದಲ್ಲೇ ಕೂರುತ್ತೇನೆ, ನಿದ್ದೆ ಬಂದರೂ ಅವನೇ ಎಬ್ಬಿಸುತ್ತಾನೆ.