ಹತ್ತು ವರ್ಷಕ್ಕೆ ಎತ್ತಿದ ಕೈ

ಭಾನುವಾರ, ಅಕ್ಟೋಬರ್ ೧೨

ಸರ್ಕಾರಿ ಅತಿಥಿಗೃಹದಲ್ಲಿ ವಿರಾಜಮಾನನಾಗಿರುವ ಏಕಮಾತ್ರ ಅಣ್ಣನ ಸನ್ನಿಧಾನಕ್ಕೆ, ತಂಗಿ ಎಂಬ ಕೋತಿಯ ಅನಂತ ನಮಸ್ಕಾರಗಳು.

ಚೆನ್ನಾಗಿದ್ದೀಯಾ? ಕೆಮ್ಮು ಬಿಟ್ಟಿತೇ? ಕಾಗದ ತಡವಾಯಿತು, ಕ್ಷಮಿಸು. ಬರೆಯಲು ಕೂತಾಗಲೆಲ್ಲ ಒಂದು ಸಭೆಯಲ್ಲಿ ಕಂಡದ್ದರ ಹೇಸಿಗೆಯೇ ಮೊದಲು ಉಕ್ಕಿ ಬರುತ್ತಿತ್ತು. ನಿನ್ನ ಕಾಗದಗಳನ್ನು ಒಡೆದು ಓದುವ ಜೈಲು ಸಾಹೇಬರ ಊಟ ಕೆಡಿಸುವುದು ಬೇಡವೆಂದು ಸುಮ್ಮನಿದ್ದೆ. ಸಾಹೇಬರೇ, ನಮಸ್ಕಾರ. ಓದಿದ ಮೇಲೆ ದಯವಿಟ್ಟು ಎಂಜಲು ಹಚ್ಚಿ ಅಂಟಿಸಬೇಡಿ.

ಈಗ ಸುದ್ದಿ. ಶಿಕ್ಷೆಯ ಕಾನೂನು ಬದಲಾಗಿದೆ. ನಾನು ಮೈಕ್ ನೋಡಿಕೊಳ್ಳುವ ಸಭಾಂಗಣದಲ್ಲಿ ಕಳೆದ ವಾರ ಒಬ್ಬ ಹಿರಿಯ ವಕೀಲರು ಅದನ್ನು ಜನರಿಗೆ ತಿಳಿಸಿ ಹೇಳುವ ಕಾರ್ಯಕ್ರಮವಿತ್ತು. ಹೊಲಿಗೆ ಯಂತ್ರದೊಳಗೆ ತಲೆ ತೂರಿಸಿ ರಿಪೇರಿ ಮಾಡುತ್ತಿದ್ದ ಅಪ್ಪನನ್ನು ಪುಸಲಾಯಿಸಿ ಕರೆದುಕೊಂಡು ಹೋದೆ. ಯಾಕೆಂದು ಕೇಳು.

ಇಷ್ಟು ದಿನ ತಪ್ಪು ಮಾಡಿದವನನ್ನು ಒಳಗೆ ಹಾಕುವುದು, ಇಲ್ಲವೇ ದಂಡ ಕಟ್ಟಿಸುವುದು, ಎರಡೇ ದಾರಿಯಿತ್ತು. ಈಗ ಇನ್ನೊಂದು ಬಂದಿದೆ. ಬೇಜವಾಬ್ದಾರಿಯ ತಪ್ಪಿಗಾಗಿ ಒಳಗಿರುವವನು ಅರ್ಧ ಶಿಕ್ಷೆ ಮುಗಿಸಿದ್ದರೆ, ಉಳಿದರ್ಧವನ್ನು ಮನೆಯಲ್ಲಿದ್ದುಕೊಂಡು ಸಮುದಾಯ ಸೇವೆಯಾಗಿ ತೀರಿಸಬಹುದು. ಆಸ್ಪತ್ರೆಯ ನೆಲ ಒರೆಸು, ಪಾರ್ಕಿನ ಬೆಂಚಿಗೆ ಬಣ್ಣ ಬಳಿ, ರಾತ್ರಿ ನಿನ್ನ ಹಾಸಿಗೆಯಲ್ಲೇ ಮಲಗು. ಈಗಾಗಲೇ ಒಳಗಿರುವವರಿಗೂ ಇದು ಅನ್ವಯ. ಷರತ್ತು ಒಂದೇ: ಯಾರ ಮನೆಗೆ ಬರುತ್ತಾನೋ ಆ ಮನೆಯ ಯಜಮಾನರು ನ್ಯಾಯಾಧೀಶರ ಮುಂದೆ ನಿಂತು ‘ಇವನು ನನ್ನ ಮನೆಯಲ್ಲಿರಲಿ’ ಎಂದು ಬಾಯಿಬಿಟ್ಟು ಹೇಳಬೇಕು. ನಿನ್ನದು ನಾಲ್ಕು ವರ್ಷ, ಎರಡು ಕಳೆದಿದೆ. ಇನ್ನು ಬೇಕಿರುವುದು ಅಪ್ಪನ ಒಂದು ವಾಕ್ಯ.

ಆದರೆ ಆ ಸಭೆಯ ವೈಭವ! ಮುಂದಿನ ಸಾಲಿನಲ್ಲಿ ನಿನ್ನ ಲಿಫ್ಟ್ ಕಂಪನಿಯ ಮಾಲೀಕರು ದಯಮಾಡಿಸಿದ್ದರು. ‘ಹೊಸ ಸ್ವಿಚ್ ಬರೋ ತನಕ ಹೇಗಾದ್ರೂ ಓಡಿಸಪ್ಪ, ಆ ಕಟ್ಟಡದ ಬಾಡಿಗೆಯವರು ತಲೆ ತಿಂತಿದಾರೆ’ ಎಂದು ನಿನಗೆ ಹೇಳಿದ ಅದೇ ಬಾಯಲ್ಲಿ ಬಿಸ್ಕತ್ತು ಅಗಿಯುತ್ತಿದ್ದರು. ಹೀಗೆ ಹೇಳಿದ ಮಾಲೀಕರನ್ನೂ ಜೈಲಿಗೆ ಕಳಿಸುವ ಕಲಂ ಹೊಸ ಕಾನೂನಿನಲ್ಲಿ ಇದೆಯಂತೆ. ಇನ್ನು ಮುಂದಿನ ಅಪಘಾತಗಳಿಗೆ ಮಾತ್ರವಂತೆ. ಅದನ್ನು ಕೇಳಿ ಅವರು ಸಂಗೀತ ಕೇಳುವವರ ಹಾಗೆ ತಲೆದೂಗಿದರು.

ಅಷ್ಟರಲ್ಲಿ ವಕೀಲರು ಕೈ ಉಜ್ಜಿಕೊಂಡರು. “ಈಗ ನೀವೇ ನ್ಯಾಯಾಧೀಶರು! ಒಬ್ಬ ಮೆಕ್ಯಾನಿಕ್ ಇದಾನೆ. ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಕದಲಬಾರದು ಅಂತ ಅದಕ್ಕೊಂದು ಸ್ವಿಚ್ ಇರುತ್ತೆ. ಅದು ಕೆಟ್ಟಿತ್ತು. ಇವನು ಅದನ್ನ ತಪ್ಪಿಸಿ ಒಂದು ತುಂಡು ತಂತಿ ಸಿಕ್ಕಿಸಿ ಓಡಿಸಿದ, ಬಾಗಿಲು ಮುಚ್ಚದೆ ಇದ್ರೂ ಲಿಫ್ಟ್ ಹೊರಡೋ ಹಾಗಾಯ್ತು. ಒಬ್ಬ ಹೆಂಗಸು ಬಾಗಿಲು ತೆಗೆದು ಕಾಲಿಟ್ರು. ಒಳಗೆ ಲಿಫ್ಟೇ ಇರಲಿಲ್ಲ. ಎಷ್ಟು ವರ್ಷ ಕೊಡ್ತೀರಿ?”

ಹೆಸರು ಹೇಳಲಿಲ್ಲ, ಪುಣ್ಯಾತ್ಮ. ಅರ್ಧ ಸಭೆ ತಿರುಗಿ ನಮ್ಮ ಕಡೆ ನೋಡಿತು.

“ಎರಡು ವರ್ಷ?” ನಾಲ್ಕೈದು ಕೈ. “ನಾಲ್ಕು?” ಇನ್ನಷ್ಟು. “ಹತ್ತು?” ಸಭೆಗೆ ಸಭೆಯೇ ಕೈ ಎತ್ತಿತು, ಹರಾಜಿನಲ್ಲಿ ಹಳೇ ಕುರ್ಚಿಗೆ ಕೂಗುವವರ ಉತ್ಸಾಹದಲ್ಲಿ. ನಮ್ಮ ಬೀದಿಯ ಔಷಧಿ ಅಂಗಡಿಯವನು ಎದ್ದು ನಿಂತು “ಹದಿನೈದಿಲ್ವಾ ಸಾರ್?” ಎಂದ. ಅವನ ಹೆಂಡತಿ ಅಂಗಿ ಹಿಡಿದು ಎಳೆದಳು: “ಕೂತ್ಕೊಳ್ರೀ, ಮನೇಲಿ ಒಂದು ಬಲ್ಬ್ ಹಾಕೋಕೆ ಬರಲ್ಲ, ಶಿಕ್ಷೆ ಕೊಡೋಕೆ ಹೊರಟ್ರು!” ಎಲ್ಲರೂ ನಕ್ಕರು. ಮಾಲೀಕರೂ ನಕ್ಕರು. ನಗುತ್ತಲೇ ಹತ್ತು ವರ್ಷಕ್ಕೆ ಕೈ ಎತ್ತಿದರು.

ಆಗ ಮೈಕ್ ತನ್ನಷ್ಟಕ್ಕೆ ತಾನೇ ಕಿಂಯ್ ಎಂದು ಕಿರುಚಿಕೊಂಡಿತು. ನನ್ನ ಬೆರಳು ಅಲ್ಲೇ ಎಲ್ಲೋ ಓಡಾಡುತ್ತಿತ್ತು, ಅಷ್ಟೇ. ವಕೀಲರು ಕಿವಿ ಮುಚ್ಚಿಕೊಂಡು “ಏನಮ್ಮಾ ಅದು?” ಎಂದರು. ನಾನು ಎದ್ದು ನಿಂತು, ಕೈ ಕಟ್ಟಿ, ಪರಮ ಗಾಂಭೀರ್ಯದಿಂದ ಹೇಳಿದೆ: “ಸ್ವಿಚ್ ಕೆಟ್ಟಿದೆ ಸಾರ್. ಹೊಸದು ಕೇಳಿದ್ದೆ. ಮೇಲಿನವರು ಹೇಗಾದ್ರೂ ಓಡಿಸು ಅಂದ್ರು. ಏನಾದ್ರೂ ಆದ್ರೆ ಒಳಗೆ ಹೋಗೋಳು ನಾನೇ ಅಲ್ವಾ ಸಾರ್?” ಮಾಲೀಕರ ಬಿಸ್ಕತ್ತು ಚಹಾದೊಳಗೆ ಬಿದ್ದು ಮುಳುಗಿತು. ತೆಗೆಯುವ ಧೈರ್ಯ ಅವರಿಗಾಗಲಿಲ್ಲ.

ಖುಷಿಯಾಯಿತೇ? ನನಗೂ ಆಯಿತು, ಮನೆಯ ದಾರಿ ಹಿಡಿಯುವಷ್ಟು ಹೊತ್ತು. ದಾರಿಯಲ್ಲಿ ಆ ಅಕ್ಕನನ್ನು ಕಂಡೆ, ಬಿದ್ದವರನ್ನು. ಎರಡು ವರ್ಷವಾದರೂ ಕೋಲು ಹಿಡಿದೇ ನಡೆಯುತ್ತಾರೆ. ರಸ್ತೆ ದಾಟಲು ಗಾಡಿಗಳು ನಿಲ್ಲುವುದನ್ನು ಕಾಯುತ್ತಿದ್ದರು. ಹೋಗಿ ಕೈ ಹಿಡಿಯೋಣ ಎಂದುಕೊಂಡೆ. ಯಾರ ತಂಗಿ ಎಂದು ಕೇಳಿಬಿಟ್ಟರೆ? ಹೋಗಲಿಲ್ಲ. ನೀನು ಮಾಡಿದ್ದನ್ನು ಸಣ್ಣದೆಂದು ನಾನು ಹೇಳಲಾರೆ ಅಣ್ಣ. ನೀನು ನನ್ನ ಅಣ್ಣ ಎಂದಷ್ಟೇ ಹೇಳಬಲ್ಲೆ.

ಹೊತ್ತಿಗೆ ಸರಿಯಾಗಿ ಉಣ್ಣು. ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ಹೋದರೂ ನಿನಗಿಂತ ಕುಳ್ಳಗಿರುವವರನ್ನು ಆರಿಸಿಕೋ. ವಯಸ್ಸಿನಲ್ಲಿ ಚಿಕ್ಕವಳಾದರೂ ಬುದ್ಧಿಯಲ್ಲಿ ಹಿರಿಯಳಾದ್ದರಿಂದ ನಾನೇ ಆಶೀರ್ವದಿಸುತ್ತೇನೆ: ಬೇಗ ಹೊರಗೆ ಬಾ, ನೂರು ವರ್ಷ ಬಾಳು.

ಇಂತಿ ನಿನ್ನ
ಕೋತಿ
(ಮೈಕ್ ಇಲಾಖೆಯ ಮುಖ್ಯಸ್ಥೆ ಮತ್ತು ಏಕೈಕ ನೌಕರಳು)

ಇನ್ನೊಂದು ಮಾತು: ಅಪ್ಪ ಏನಂದರು ಎಂದು ನೀನು ಹುಡುಕುತ್ತಲೇ ಇಲ್ಲಿಯವರೆಗೆ ಬಂದಿರುತ್ತೀ. ನಾನು ಸುತ್ತಿ ಬಳಸಿ ಬಂದದ್ದೂ ಅದಕ್ಕೇ. ‘ಹತ್ತು?’ ಎಂದಾಗ ಎಲ್ಲರಿಗಿಂತ ಮೊದಲು ಎದ್ದ ಕೈ ಅಪ್ಪನದು. ಮೆಟ್ಟಿಲಿಳಿಯುವಾಗ ಕೇಳಿದೆ, “ಅಪ್ಪಾ, ಅದು ಅಣ್ಣಂದೇ ಕತೆ ಅಂತ ಗೊತ್ತಾಗ್ಲಿಲ್ವಾ?” ಅವರು ಮೆಟ್ಟಿಲಿನ ಕಂಬಿ ಹಿಡಿದು ನಿಂತರು. “ಅಲ್ಲಿದ್ದೋರಿಗೆ ಆ ತಂತಿ ಅಂದ್ರೆ ಏನಂತ ಗೊತ್ತಿಲ್ಲ ಪುಟ್ಟಿ, ಸುಮ್ನೆ ಎತ್ತಿದ್ರು. ನಂಗೆ ಗೊತ್ತು. ಅವನಿಗೂ ಗೊತ್ತಿತ್ತು. ಅವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟೋನು ನಾನು.” “ಹಾಗಾದ್ರೆ ಕೋರ್ಟಿಗೆ ಬರಲ್ವಾ?” “ಬರ್ತೀನಿ. ಕೇಳಿದ್ರೆ, ಬೇಡ ಅಂತೀನಿ.”

ಅರ್ಜಿ ಹಾಕು, ಅಣ್ಣ. ಮನೆಯ ವಿಳಾಸದ ಜಾಗ ಮಾತ್ರ ಖಾಲಿ ಬಿಡು. ನಾನು ನನ್ನ ಹೆಸರಿನಲ್ಲಿ ಬಾಡಿಗೆಗೆ ಒಂದು ಕೋಣೆ ಹುಡುಕುತ್ತಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.