ಒಂದೇ ರೆಕ್ಕೆ

ಮಂಗಳವಾರ, ಮಾರ್ಚ್ ೧೨

ಎಡಗೈ ಬರಹ ಇನ್ನೂ ಕೋಳಿ ಕೆದಕಿದ ಹಾಗಿದೆ. ಗರಗಸದ ಯಂತ್ರ ಬಲಗೈ ತಿಂದು ತಿಂಗಳುಗಳೇ ಆದವು. "ನಾಳೆಯಾದ್ರೂ ಅಂಗಡಿಗೆ ಬಾರೋ," ಎಂದು ಅಣ್ಣ ಇವತ್ತೂ ಕರೆದ. ಒಂಟಿ ಕೈಯ ಬಡಗಿಗೆ ಅಲ್ಲೇನು ಕೆಲಸ?

ಸಂಜೆ ಅಮ್ಮ ನನ್ನ ಮಗಳಿಗೆ ಪ್ರವಾದಿಯವರ ಸೋದರಸಂಬಂಧಿ ಹಜ್ರತ್ ಜಾಫರರ ಕಥೆ ಹೇಳುತ್ತಿದ್ದಳು. ಯುದ್ಧದಲ್ಲಿ ಬಾವುಟ ಹಿಡಿದಿದ್ದ ಬಲಗೈ ಕಡಿದುಬಿತ್ತು. ಎಡಗೈಗೆ ತೆಗೆದುಕೊಂಡರು, ಅದೂ ಹೋಯಿತು. ಮೋಟು ತೋಳುಗಳಲ್ಲೇ ಎದೆಗೆ ಅವಚಿಕೊಂಡರು, ಪ್ರಾಣ ಹೋಗುವವರೆಗೂ ಬಿಡಲಿಲ್ಲ.

"ಅದಕ್ಕೇ ಅಲ್ಲಾಹು ಅವ್ರಿಗೆ ಸ್ವರ್ಗದಲ್ಲಿ ಎರಡು ರೆಕ್ಕೆ ಕೊಟ್ಟ," ಎಂದಳು ಅಮ್ಮ.

ಮಗಳು ನನ್ನನ್ನೇ ದಿಟ್ಟಿಸಿದಳು. "ಅಪ್ಪಾ, ಹಾಗಾದ್ರೆ ನಿಂಗೆ ಒಂದೇ ರೆಕ್ಕೆ. ಹಾರೋಕೆ ಹೋದ್ರೆ ಗಿರಗಿರ ಸುತ್ತುತ್ತಾ ಇರ್ತೀಯ!"

ಅಮ್ಮ ಅವಳ ಬಾಯಿ ಮುಚ್ಚಿಸಲು ಹೋದಳು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಈ ಮನೆಯಲ್ಲಿ ಇಷ್ಟು ದಿನ ಯಾರೂ ನನ್ನ ಕೈಯ ಮಾತೇ ಎತ್ತಿರಲಿಲ್ಲ.

ಆಮೇಲೆ ಅವಳ ಕುಂಟು ಸ್ಟೂಲನ್ನು ಮೋಟು ತೋಳಿನಿಂದ ಎದೆಗೆ ಅವಚಿ ಹಿಡಿದು, ಉದ್ದವಾಗಿದ್ದ ಕಾಲನ್ನು ಅರದಿಂದ ಉಜ್ಜಿದೆ. ಖುಷಿಯಲ್ಲಿ ಜಾಸ್ತಿಯೇ ಉಜ್ಜಿಬಿಟ್ಟೆ. ಈಗ ಅದು ಇನ್ನೊಂದು ಕಡೆಗೆ ಕುಂಟುತ್ತಿದೆ.

ಸರಿಮಾಡಬೇಕಾದರೆ ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುವ ವೈಸ್ ಬೇಕು. ಅದಿರುವುದು ಅಂಗಡಿಯಲ್ಲಿ. ಬೆಳಿಗ್ಗೆ ಅಣ್ಣ ಹೊರಡುವ ಮೊದಲೇ ಸ್ಟೂಲು ಹೊತ್ತುಕೊಂಡು ಬಾಗಿಲಲ್ಲಿ ನಿಂತಿರುತ್ತೇನೆ.